ಕೆಂಪು ಗೆರೆಗೆ ಎರಡು ಬೆರಳು ಕೆಳಗೆ

ನೀರು ನಡುಗುತ್ತಿದೆ, ಗಾಳಿ ಅಳೆಯುವ ಗಾಜಿನ ಕೊಳವೆಯೊಳಗೆ, ಏರಲೋ ಬೇಡವೋ ಎಂದು ಅನುಮಾನಿಸುವ ಹಾಗೆ, ಏರಿತು, ಇನ್ನೂ ಸ್ವಲ್ಪ, ನಿಂತಿತು, ಕೆಂಪು ಗೆರೆಗೆ ಎರಡು ಬೆರಳು ಕೆಳಗೆ — ನಿನ್ನೆ ಇದೇ ನೀರು ಗೆರೆ ದಾಟಿತ್ತಲ್ಲ, ಎಂದುಕೊಂಡ ಮೇಸ್ತ್ರಿ, ಬ್ಲೋಯರ್ ಆರಿಸಿದ, ಮತ್ತೆ ಹಾಕಿದ, ಎಂಜಿನ್ ಹೆಡ್ಡಿನ ಮೂಲಕ ಗಾಳಿ ಹೆಚ್ಚು ನುಗ್ಗಿದಷ್ಟೂ ನೀರು ಮೇಲೇರಬೇಕು, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ, ನೀರಿಗೆ ಯಾರ ಹಂಗೂ ಇಲ್ಲ, ಅಲ್ಲೇ ನಿಂತಿತು. ಗೆರೆ ತಂಗಿಯದು, ಉಗುರಿಗೆ ಹಚ್ಚುವ ಬಣ್ಣದಲ್ಲಿ ಎಳೆದದ್ದು, ಇಲ್ಲೀತನಕ ಬರ್ಬೇಕು ನೋಡಣ್ಣ, ಬಂದ್ರೆ ಭಾನುವಾರ ಆ ಉದ್ದಮೂತಿ ನನ್ನ ಹೊಗೆ ಕುಡೀತಾನೆ — ಉದ್ದಮೂತಿಯೆಂದರೆ ಹೋದ ವರ್ಷದ ಬೈಕ್ ಪಂದ್ಯದಲ್ಲಿ ಅವಳನ್ನು ಒಂದು ಗಾಲಿಯಷ್ಟು ಹಿಂದೆ ಹಾಕಿದವನು, ಗೆದ್ದು ಬಂದು, ಅಜ್ಜನ ಕಾಲದ ಗಾಡಿ ಅಲ್ವಾ ಅಕ್ಕ, ಪಾಪ, ಉಬ್ಬಸ ಇರುತ್ತೆ, ಅಂದವನು, ಆ ಮಾತು ಅವಳಿಗೆ ನಾಟಿತ್ತು, ಮನೆಗೆ ಬಂದವಳು ಹೆಲ್ಮೆಟ್ಟನ್ನೂ ತೆಗೆಯದೆ, ಇದಕ್ಕೆ ಉಸಿರು ಬಿಡಿಸಣ್ಣ, ಅಂದಿದ್ದಳು. ವಾಲ್ವ್ ದೊಡ್ಡದಾದರೆ ಗಾಳಿ ಹೆಚ್ಚು, ಗಾಳಿ ಹೆಚ್ಚಾದರೆ ಬೆಂಕಿ ಹೆಚ್ಚು, ಅವನು ಒಂದೂವರೆ ಮಿಲಿಮೀಟರ್ ಸಾಕೆಂದ, ಅವಳು ಮೂರು ಅಂದಳು, ನಿಂಗೆ ವಯಸ್ಸಾಯ್ತು ಬಿಡಣ್ಣ, ಕೈ ನಡುಗುತ್ತೆ, ಎಂದು ಚುಚ್ಚಿದಳು, ನಡುಗದೆಂದು ತೋರಿಸಲಿಕ್ಕೇ ಇರಬೇಕು, ಪೂರಾ ಮೂರು ಕೊರೆದ, ವಾಲ್ವ್ ಒರಗುವ ದೊಡ್ಡ ಉಂಗುರ ಕೂರಿಸಿದ, ವಾಲ್ವ್ ಮಸೆಯುವ ಕೋಲನ್ನು ಅಂಗೈಗಳ ನಡುವೆ ಉರುಳಿಸಿದ, ತಿರುವಿಗೊಂದು ಸಲ ದೇವರ ಹೆಸರು, ಅದು ಅಮ್ಮನ ರೂಢಿ, ಅಮ್ಮ ಲೇತಿನ ಮುಂದೆ ಮೂವತ್ತು ವರ್ಷ ನಿಂತವಳು, ಎಣ್ಣೆಗೈಯಲ್ಲೇ ಅವನ ಕಿವಿ ಹಿಂಡಿ, ಬರೀ ಹೆಡ್ಡು ಉಸಿರಾಡಲ್ಲ ಮಗಾ, ಕೆಳಗೆ ಸಿಲಿಂಡರ್ ಇಟ್ಟು ಅಳೆ, ಅನ್ನುತ್ತಿದ್ದಳು, ಎಷ್ಟು ಸಲ, ಕಿವಿ ಕೆಂಪಾಗುವಷ್ಟು ಸಲ — ಮತ್ತೆ ನಿನ್ನೆ ಯಾಕೆ ಇಡಲಿಲ್ಲ? ಸಿಲಿಂಡರ್ ತೊಳೆದು ಕಿಟಕಿಯಲ್ಲಿ ಒಣಗಲಿಟ್ಟಿತ್ತು, ಮೂರೇ ಹೆಜ್ಜೆ, ತಂಗಿ ಅವನ ಭುಜದ ಮೇಲೆ ಗಲ್ಲವಿಟ್ಟು ಬೇಗ ಬೇಗ ಅನ್ನುತ್ತಿದ್ದಳು, ಬರೀ ಹೆಡ್ಡನ್ನೇ ಬ್ಲೋಯರಿನ ಪೆಟ್ಟಿಗೆಯ ಮೇಲಿಟ್ಟ, ಗಾಳಿಗೆ ನಾಲ್ಕೂ ಕಡೆ ಬಯಲು, ನೀರು ಗೆರೆ ದಾಟಿತು, ಅವಳು ಕುಣಿದಳು, ಉದ್ದಮೂತಿಗೇ ಫೋನು ಮಾಡಿ, ಭಾನುವಾರ ಮೂಗಿಗೆ ಕರವಸ್ತ್ರ ತಗೊಂಡು ಬಾರಪ್ಪ, ಅಂದಳು. ಇಂದು ಕಿವಿ ತುರಿಸಿದಾಗ ಅಮ್ಮ ನೆನಪಾದಳು, ಸಿಲಿಂಡರ್ ಇಟ್ಟ, ದೊಡ್ಡ ವಾಲ್ವಿನ ಅಂಚಿಗೂ ಸಿಲಿಂಡರಿನ ಗೋಡೆಗೂ ನಡುವೆ ಉಗುರು ತೂರದಷ್ಟು ಸಂದು, ಆ ಕಡೆಯಿಂದ ಗಾಳಿ ಹಾಯುವುದೇ ಇಲ್ಲ, ಬಾಗಿಲು ದೊಡ್ಡದು ಮಾಡಿ ಗೋಡೆಗೆ ಒತ್ತಿ ತೆರೆದ ಹಾಗೆ, ಹಳೆಯ ಸಣ್ಣ ವಾಲ್ವೇ ನೀರನ್ನು ಇದಕ್ಕಿಂತ ಒಂದು ಕೂದಲು ಮೇಲೆ ಏರಿಸುತ್ತಿತ್ತು. ಕೊರೆದ ಲೋಹ ಮತ್ತೆ ಬೆಳೆಯುವುದಿಲ್ಲ, ಈ ಎಂಜಿನ್ ಮಾಡುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷವಾಯಿತು, ಇನ್ನೊಂದು ಹೆಡ್ಡನ್ನು ಎಲ್ಲಿಂದ ತರುವುದು, ಪಂದ್ಯಕ್ಕೆ ಎರಡೇ ದಿನ.

ಗೇಟು ಕಿರ್ರೆಂದಿತು, ಅವಳೇ, ಹೆಜ್ಜೆ ಹಗುರ, ಏನೋ ಗುನುಗುತ್ತಿದ್ದಾಳೆ — ಸಿಲಿಂಡರ್ ತೆಗೆದುಬಿಟ್ಟರೆ, ಎರಡು ಬೋಲ್ಟು ಅಷ್ಟೇ, ನೀರು ಮತ್ತೆ ಗೆರೆ ದಾಟುತ್ತದೆ, ಭಾನುವಾರದವರೆಗೆ ಅವಳು ನಗುತ್ತಿರುತ್ತಾಳೆ, ಸೋತರೆ ಗಾಡಿ ಹಳೆಯದು, ಟೈರು ಜಾರಿತು, ಸಾವಿರ ಕಾರಣ ಸಿಕ್ಕಾವು, ನೀರಿಗೇನು ಬಾಯಿದೆಯೇ — ಕೈ ಆಗಲೇ ಸ್ಪ್ಯಾನರ್ ಹಿಡಿದಿತ್ತು, ಒಂದು ಬೋಲ್ಟು ಅರ್ಧ ಸಡಿಲವೂ ಆಗಿತ್ತು, ಅದು ಬೇರೆ ಯಾರದೋ ಕೈ ಎಂಬಂತೆ ನೋಡಿದ, ಇಷ್ಟು ಗಾಳಿಯನ್ನು ಎಲ್ಲರಿಗೂ ಕೇಳದೆಯೇ ಕೊಟ್ಟವನೊಬ್ಬ ಮೇಲಿದ್ದಾನೆ, ಅವನು ಅಳೆಯಲು ಕೂತಾಗ ಯಾವುದನ್ನೂ ಪಕ್ಕಕ್ಕೆ ತೆಗೆದಿಟ್ಟು ಅಳೆಯುವುದಿಲ್ಲ, ಬೋಲ್ಟನ್ನು ಮತ್ತೆ ಬಿಗಿದ. ತೋರ್ಸಣ್ಣ, ಇನ್ನೊಂದ್ಸಲ ಕಣ್ತುಂಬ ನೋಡ್ತೀನಿ, ಎಂದಳು, ನಿನ್ನೆಯ ಹಾಗೆಯೇ ಭುಜದ ಮೇಲೆ ಗಲ್ಲ. ಇದೇನು ಕೆಳಗೆ? ಸಿಲಿಂಡರ್. ನಿನ್ನೆ ಇರ್ಲಿಲ್ವಲ್ಲ? ಇರ್ಲಿಲ್ಲಮ್ಮ, ಇಡ್ಲಿಲ್ಲ ನಾನು. ಬ್ಲೋಯರ್ ಹಾಕಿದ. ಗಲ್ಲ ಭುಜದಿಂದ ಏಳಲಿಲ್ಲ, ಭಾರವಾಯಿತು ಅಷ್ಟೇ, ಕಿವಿಯ ಪಕ್ಕದಲ್ಲಿ ಒಳಗೆ ಹೋದ ಅವಳ ಉಸಿರು ಹೊರಗೆ ಬರಲು ತಡಮಾಡಿತು, ನೀರು ನಡುಗಿತು, ಏರಿತು, ಇನ್ನೂ ಸ್ವಲ್ಪ, ನಿಂತಿತು, ಕೆಂಪು ಗೆರೆ, ಎರಡು ಬೆರಳು, ನೀರು, ಕೆಂಪು ಗೆರೆ