ಕಲ್ಲುಗಿಡಕ್ಕೆ ನೀರು

"ಇದೂ ಸತ್ತೈತೇನು? ಖರೇ ಹೇಳು ಮಲ್ಲಿಕಣ್ಣ," ಎಂದಳು ಗದಿಗೆವ್ವ.

ಮಲ್ಲಿಕಸಾಬ ಕುಂಡವನ್ನು ಬಿಸಿಲಿಗೆ ಹಿಡಿದು ನೋಡಿದ. ಮೂವತ್ತು ವರ್ಷ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಸಸಿ ನೋಡಿಕೊಂಡವನು. ಈ ಅಪರೂಪದ ಕಲ್ಲುಗಿಡಗಳನ್ನು ಬೀಜದಿಂದ ಎಬ್ಬಿಸಿ ಗೆಳೆಯ ಸೋಮಣ್ಣನಿಗೆ ಕೊಟ್ಟವನೂ ಅವನೇ. ಒಂದೊಂದಕ್ಕೂ ಎರಡೇ ದಪ್ಪ ಎಲೆ, ನಡುವೆ ಒಂದು ಸೀಳು. ನೆಲದ ಮೇಲಿದ್ದರೆ ಹರಳೆಂದು ದಾಟಿ ಹೋಗಬೇಕು. ನಾಲ್ಕರಲ್ಲಿ ಮೂರು ಕೊಳೆತು ಲೋಳೆಯಾಗಿದ್ದವು.

ಸೋಮಣ್ಣ ಬ್ಯಾಡಗಿ ಪೇಟೆಯಿಂದ ಬಂದವನೇ ಕೈಯ ಮೆಣಸಿನಕಾಯಿ ಖಾರ ತೊಳೆದು, ಮಣೆ ಹಾಕಿಕೊಂಡು ಇವುಗಳ ಮುಂದೆ ಕೂರುತ್ತಿದ್ದ. ಅವನು ತೀರಿಕೊಂಡು ಎರಡು ತಿಂಗಳು. ದೇವರಿಗೆ ಎರೆದ ನೀರನ್ನು ಯಾರೂ ತುಳಿಯಬಾರದೆಂದು ದಿನವೂ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದ ಅವನ ಹೆಂಡತಿ ಗದಿಗೆವ್ವ, ಅಂದಿನಿಂದ ಅದನ್ನು ಈ ಕುಂಡಕ್ಕೆ ಎರೆಯತೊಡಗಿದ್ದಳು.

"ಎಷ್ಟು ನೀರು ಹಾಕೀರಿ ಅಕ್ಕಾರ?"

"ದೇವರ ನೀರಪಾ ಅದು. ಅದರಿಂದ ಕೆಡುಕಾಗತೈತೇನು?"

"ನೀರು ದೇವರದ. ಗಿಡ ಬಂಜರ ನೆಲದ್ದು. ಸೋಮಣ್ಣಗೂ ಹಿಂಗ, ಬ್ಯಾಡ ಬ್ಯಾಡಂದ್ರೂ ಬಡಿಸಿ ಬಡಿಸಿ ಹೊಟ್ಟಿ ಬರಿಸಿದ್ರಿ."

ಗದಿಗೆವ್ವನಿಗೆ ನಗು ಬಂತು. ಕೂಡಲೇ ಸೆರಗು ಬಾಯಿಗೆ ಹೋಯಿತು.

"ಎಲಿ ಸುಕ್ಕಾಗಿದ್ವಲ್ಲಪಾ. ನೀರಡಿಕಿ ಆಗೈತಿ ಅಂದ್ಕೊಂಡೆ. ಅವರ ಕೈಯಾಗ ಬೆಳದದ್ದು, ನನ್ನ ಕೈಯಾಗ ಒಣಗಬಾರದಂತ..."

"ಈ ದಿನಮಾನದಾಗ ಅವು ಒಣಗಬೇಕ್ರಿ. ಒಳಗ ಹೊಸಾ ಎಲಿ ಕುಂತಾವು. ಹಳೇವು ತಮ್ಮ ನೀರೆಲ್ಲಾ ಅವಕ್ಕ ಕೊಟ್ಟು ಒಣಗತಾವು. ನಾವು ಮ್ಯಾಲ ಸುರುವಿದ್ರ ಎರಡೂ ಕೊಳಿತಾವು."

ಕೊಳೆತ ಮೂರನ್ನೂ ತೆಗೆದು, ಉಳಿದ ಒಂದನ್ನು ಅವನು ಒಣ ಮರಳಿನಲ್ಲಿ ಕೂರಿಸಿದ.

"ಉಗಾದಿ ಮಟಾ ಒಂದು ಹನಿ ಬ್ಯಾಡ. ಸುಮ್ನ ನೋಡ್ಕೋತ ಕುಂದರ್ರಿ. ಸೋಮಣ್ಣ ಮಾಡತಿದ್ದದ್ದೂ ಅಷ್ಟ."

ಮರುದಿನ ಪೂಜೆ ಮುಗಿಸಿ ಗದಿಗೆವ್ವ ತಂಬಿಗೆ ಹಿಡಿದು ಬಂದಳು. ಎಲೆಗಳು ನಿನ್ನೆಗಿಂತ ಕುಗ್ಗಿದಂತೆ ಕಂಡವು. ಕುಂಡದ ಮೇಲೆ ಕೈ ತಾನಾಗಿ ಬಾಗಿತು. ತಂಬಿಗೆಯ ತುಟಿಯವರೆಗೆ ಬಂದ ನೀರನ್ನು ಅವಳು ಹಿಂದಕ್ಕೆ ತಡೆದು, ತಂಬಿಗೆಯನ್ನು ಎದೆಗೆ ಒತ್ತಿಕೊಂಡು ಹಿತ್ತಲಿಗೆ ನಡೆದಳು. ಎರಡು ತಿಂಗಳಿಂದ ನೀರು ಕಾಣದ ಕರಿಬೇವಿನ ಬುಡ ಬಿರುಕು ಬಿಟ್ಟಿತ್ತು. ಸುರಿದದ್ದೆಲ್ಲ ಕ್ಷಣದಲ್ಲಿ ಇಂಗಿತು.

ತಿರುಗಿ ಬಂದು, ಗೋಡೆಗೆ ಆನಿಸಿದ್ದ ಮಣೆಯನ್ನು ಹಾಕಿಕೊಂಡು ಕುಂಡದ ಮುಂದೆ ಕುಳಿತಳು. ಸೀಳಿನಲ್ಲಿ ಇನ್ನೂ ಏನೂ ಕಾಣಿಸುತ್ತಿರಲಿಲ್ಲ. ಖಾಲಿ ತಂಬಿಗೆ ಮಗ್ಗುಲಲ್ಲಿತ್ತು.