ಬೆಲ್ಟಿನ ಒಂದು ಹಲ್ಲು

ಉಳವಪ್ಪನ ಎದೆಗೆ ಸುತ್ತಿದ ಪಂಚೆಯ ತುದಿಗಳನ್ನು ಟೆಂಪೊದ ಕಂಬಿಗೆ ಕಟ್ಟುತ್ತ ಅವನ ಅಣ್ಣ ಸಿದ್ದಪ್ಪ, "ಬಿಗಿ ಆತೇನು ತಮ್ಮಾ?" ಎಂದು ಕೇಳಿಬಿಟ್ಟ. ಯಾರನ್ನು ಕೇಳಿದೆನೆಂದು ನೆನಪಾಗಿ ಮುಖ ಆ ಕಡೆ ತಿರುಗಿಸಿದ.

ಸತ್ತವರನ್ನು ಮಲಗಿಸುವ ರೂಢಿ ಅವರಲ್ಲಿಲ್ಲ. ಹಣೆಗೆ ವಿಭೂತಿ ಹಚ್ಚಿ ಕುಳ್ಳಿರಿಸಿಯೇ ಒಯ್ಯಬೇಕು, ಕುಳ್ಳಿರಿಸಿಯೇ ಮಣ್ಣು ಮಾಡಬೇಕು. "ನನ್ನ ಟೆಂಪೊ ಐತೆಲ್ಲ, ನಾನ ಓಡಸ್ತೀನಿ" ಎಂದು ಸಾವುಕಾರ ಶಶಿಧರ ಶಿವಬಸವ ನಗರದಿಂದ ತಾನಾಗಿ ಬಂದಿದ್ದ. ಹೋದ ವಾರವಷ್ಟೇ ಉಳವಪ್ಪನನ್ನು ಡೀಸೆಲ್ ಕಳ್ಳನೆಂದು ಡ್ರೈವರ್ ಕೆಲಸದಿಂದ ಬಿಡಿಸಿದ ಪುಣ್ಯಾತ್ಮನೂ ಇವನೇ. ಬೇಡವೆನ್ನುವ ಧೈರ್ಯ ಉಳವಪ್ಪನ ಹೆಂಡತಿ ಶಿವಲಿಂಗವ್ವನಿಗೆ ಎಲ್ಲಿಂದ ಬರಬೇಕು? ಬೇರೆ ಗಾಡಿಯೂ ಇರಲಿಲ್ಲ. ಗಂಡನ ಕಾಲ ಬಳಿ ಕೂತು ಅವನ ಮೊಣಕಾಲು ಹಿಡಿದುಕೊಂಡಳು.

ಹಿಂದವಾಡಿ ದಾಟಿದ ಮೇಲೆ ಶಶಿಧರ ಬಂಕಿನಲ್ಲಿ ಗಾಡಿ ನಿಲ್ಲಿಸಿದ. ಉಳವಪ್ಪನ ಹುಟ್ಟೂರು ಮುಟ್ಟಲು ಬೇಕಾಗುವುದಕ್ಕಿಂತ ತುಸು ಹೆಚ್ಚೇ ಡೀಸೆಲ್ ಹಾಕಿಸಿದ.

*

ರಗಳೆ ಶುರುವಾದದ್ದು ಇಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ. ಬದಲಿಸಿದವನು ಶಶಿಧರನ ಹೆಂಡತಿಯ ತಮ್ಮ. ಹೊಸ ಬೆಲ್ಟ್ ಬಂತು, ಗಾಡಿಯ ಕಸುವು ಹೋಯಿತು. ಏರು ಬಂದರೆ ಕರಿಹೊಗೆ ಬಿಡುತ್ತ ತೆವಳುತ್ತಿತ್ತು. ಮೊದಲಿನ ಡೀಸೆಲ್ಲು ಯಾವ ಮೂಲೆಗೂ ಸಾಲದಾಯಿತು.

"ಸಾವಕಾರ್ರ, ಬೆಲ್ಟ್ ಒಂದು ಹಲ್ಲು ತಪ್ಪಿ ಕುಂತಿರಬೇಕ್ರಿ," ಎಂದಿದ್ದ ಉಳವಪ್ಪ. "ಇಂಜಿನ್ನಿನ ಟೈಮ್ ಕೂಡವಲ್ದು, ಬರೇ ಡೀಸೆಲ್ ಕುಡೀತೈತಿ. ಒಮ್ಮಿ ಬಿಚ್ಚಿಸಿ ನೋಡ್ರಿ."

"ನಮ್ಮ ಹುಡುಗ ಮಾರ್ಕಿಗೆ ಮಾರ್ಕ್ ಕೂಡಿಸೇ ಹಾಕ್ಯಾನ. ಯಾರು ಕುಡ್ಯಾಕತ್ತಾರ ಅಂತ ನನಗ ತಿಳಿಯೂದಿಲ್ಲೇನು?"

ತನ್ನ ಅಂಗಡಿಯ ಹಮಾಲರೆಲ್ಲ ಕೇಳುವಂತೆ ಅಂದು, ಶಶಿಧರ ಕೀಲಿ ಕಸಿದುಕೊಂಡ. ಅಂದಿನಿಂದ ಗಾಡಿ ಅಂಗಡಿಯ ಮುಂದೆ ನಿಂತಿತು, ಉಳವಪ್ಪ ಮನೆಯೊಳಗೆ ಕೂತ. ಓಣಿಗೆ ಇಳಿಯಲು ನಾಚುತ್ತಿದ್ದ. "ಕದ್ದಿದ್ರ ನಾವು ಹಿಂಗ ಇರತಿದ್ವೇನ?" ಎಂದು ಹೆಂಡತಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಅವಳು ಇಲ್ಲವೆನ್ನುತ್ತಿದ್ದಳು. ಅವಳು ಅಂದರೆ ಏನಾಗಬೇಕು, ಅನ್ನಬೇಕಾದವನು ಬೇರೆ ಇದ್ದ. ಒಂದು ಮುಂಜಾನೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ.

*

ಖಾನಾಪುರ ದಾಟಿ ಊರು ಕಣ್ಣಿಗೆ ಬೀಳುವ ಹೊತ್ತಿಗೆ ಟೆಂಪೊ ಎರಡು ಸಲ ಜಗ್ಗಿ ನಿಂತೇಹೋಯಿತು. ಶಶಿಧರ ಇಳಿದು ಡೀಸೆಲ್ ಟಾಕಿಯಲ್ಲಿ ಕಡ್ಡಿ ಇಳಿಬಿಟ್ಟ. ಕಡ್ಡಿ ಒಣಗಿದ್ದು ಒಣಗಿದಂತೆಯೇ ಬಂತು.

"ಏನಾತ್ರೀ?" ಉಳವಪ್ಪನ ಅಕ್ಕ ಚಂದ್ರವ್ವ ಮೇಲಿನಿಂದ ಕೇಳಿದಳು.

"ಡೀಸೆಲ್... ಮುಗದೈತಿ."

"ನೀವ ಹಾಕಿಸಿದ್ರಿ, ನೀವ ಓಡಿಸಿದ್ರಿ. ನಡುವ ಎಲ್ಲೂ ನಿಂತಿಲ್ಲ."

ಸಿದ್ದಪ್ಪ ಬಗ್ಗಿ ಟಾಕಿಯ ಕೆಳಗೆ ಕೈಯಾಡಿಸಿದ. "ಸೋರಿಲ್ಲ," ಎಂದ.

ಶಿವಲಿಂಗವ್ವ ಗಂಡನ ಮೊಣಕಾಲು ಬಿಟ್ಟು ಎದ್ದಳು. "ಸಾವಕಾರ್ರ, ಉಳವಪ್ಪ ಕಳ್ಳ ಅಲ್ಲ ಅಂತ ಒಂದು ಮಾತು ಅಂದುಬಿಡ್ರಿ. ಮಣ್ಣಾಗ ಹೋಗೂದ್ರಾಗ ಅವರ ಕಿವಿಗೆ ಬೀಳ್ಲಿ. ನಿಮ್ಮ ಕಾಲ ಬೀಳತೀನಿ."

ಶಶಿಧರನ ತುಟಿ ಅಲುಗಿತು. "ತಂಗೀ..." ಎಂದ. ಬಂಧುಗಳೆಲ್ಲ ಅವನನ್ನೇ ನೋಡುತ್ತ ಕಾದರು. ಅವನು ಕಡ್ಡಿ ಒರೆಸುತ್ತ ನಿಂತ.

"ಸ್ವಾಮಿಗೋಳು ಕುಣಿ ಹತ್ರ ಬಂದು ಕುಂತಾರ," ಎಂದ ಸಿದ್ದಪ್ಪ ಕೊನೆಗೆ. "ಹೊಲ ಇಲ್ಲೇ ಐತಿ. ಇಳೀರಿ, ದೂಡೂಣು."

ಸಿದ್ದಪ್ಪನೇ ಸ್ಟೇರಿಂಗ್ ಹಿಡಿದ. ಉಳಿದವರೆಲ್ಲ ಇಳಿದರು. ಉಳವಪ್ಪನೊಬ್ಬನೇ ಮೇಲೆ ಕೂತಿದ್ದ. ದಾರಿ ಸಣ್ಣ ಏರು. ಒಂದೊಂದು ದೂಡಿಗೂ ಅವನ ತಲೆ ಮುಂದೆ ಬಾಗಿ ಮತ್ತೆ ಹಿಂದೆ ಹೋಗುತ್ತಿತ್ತು. ಅವನ ಪಾದಗಳ ಕೆಳಗೆ ಹಣೆಯನ್ನು ಹಲಗೆಗೆ ಒತ್ತಿ, ಶಶಿಧರ ಏದುಸಿರು ಬಿಡುತ್ತ ದೂಡುತ್ತಿದ್ದ. ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಶಿವಲಿಂಗವ್ವ ಇನ್ನೂ ಸಾವುಕಾರನ ಬಾಯನ್ನೇ ನೋಡುತ್ತಿದ್ದಳು.