ಕುಣಿಯಿಂದ ಏಳದ ಸುಂದರವ್ವ

ಗುಳೇದಗುಡ್ಡದ ಧರ್ಮರಾಜನ ಮನೆಗೆ ಗೌಂಡಿ ಮಲೀಕಸಾಬ ಬುಟ್ಟಿ ತುಂಬ ಮಣ್ಣು ಹೊತ್ತು ಬಂದರೆ, ಮುಚ್ಚಬೇಕಾದ ಮಗ್ಗದ ಕುಣಿಯಲ್ಲಿ ಸುಂದರವ್ವ ಕಾಲು ಇಳಿಬಿಟ್ಟು ಕೂತಿದ್ದಾಳೆ. ಧರ್ಮರಾಜನ ಅಕ್ಕ, ಅರವತ್ತು ದಾಟಿದಾಕೆ. ಮಗ್ಗ ಮಾರಿ ಎಷ್ಟೋ ಕಾಲವಾಗಿತ್ತು. ನೇಯುವವರು ಕಾಲಿಳಿಸಿ ಕೂಡುವ ಆ ತಗ್ಗು ಮಾತ್ರ ಪಡಸಾಲೆಯಲ್ಲಿ ಉಳಿದಿತ್ತು. ಅದನ್ನು ಮುಚ್ಚಿದರೆ ಧರ್ಮರಾಜನ ಸೊಸೆ ಜಯಶ್ರೀಯ ಹೊಲಿಗೆ ಮಷಿನ್ನಿಗೆ ಒಳ್ಳೆ ಬೆಳಕಿನ ಜಾಗ. ಸುಂದರವ್ವನೂ ಹೂಂ ಅಂದಿದ್ದಳು.

“ಏಳಕ್ಕಾ.”

“ಏಳಂಗಿಲ್ಲ. ನನ್ನ ಮ್ಯಾಲೇ ಹಾಕ್ಸು ಮಣ್ಣು.”

“ಜೀವ ಇದ್ದವ್ರನ್ನ ಕುಣ್ಯಾಗ ಮುಚ್ಚೂ ಕೆಲಸ ನಾ ಹಿಡಿಯಂಗಿಲ್ರಿ,” ಎಂದು ಮಲೀಕಸಾಬ ಬುಟ್ಟಿ ಇಳಿಸಿ ಎಲೆಅಡಿಕೆ ಚೀಲ ಬಿಚ್ಚಿದ.

“ನೋಡಕ್ಕಾ, ಮಂದಿ ನಗ್ತಾರ,” ಅಂದ ಧರ್ಮರಾಜ.

“ನಗ್ಲಿ. ಮುಂಬೈದಾಗ ಭೋಂಗಾ ಊದಿದಾಗ ಯಾರ್ ನಕ್ಕಿದ್ರು?”



“ಯಾವ ಭೋಂಗಾ ಅತ್ತೀ?” ಅಂದಳು ಜಯಶ್ರೀ.

ಎಪ್ಪತ್ತೊಂದರ ಯುದ್ಧದ ವೇಳೆ ಅಕ್ಕ-ತಮ್ಮಂದಿರ ಅಪ್ಪ ಮುಂಬೈ ಬಂದರಿನಲ್ಲಿ ಹಮಾಲ. ವೈರಿ ವಿಮಾನ ಬಂದಾವೆಂದು ಭೋಂಗಾ, ಅಂದರೆ ಸೈರನ್, ಊದಿದರೆ ಅವರಿದ್ದ ಚಾಳಿನ ದೀಪವೆಲ್ಲ ಆರಬೇಕು. ಅವ್ವ ಇಬ್ಬರನ್ನೂ ಮಂಚದ ಕೆಳಗೆ ತಳ್ಳಿ ಅಪ್ಪಿಕೊಳ್ಳುತ್ತಿದ್ದಳು. ಬಂದರಿನ ಕಡೆ ತೋಪು ಹಾರಿ ಕಿಟಕಿ ನಡುಗುತ್ತಿತ್ತು. ಅಪ್ಪ ಅಲ್ಲೇ ಇದ್ದಾನೆಂದು ಮೂವರಿಗೂ ಗೊತ್ತು, ಒಬ್ಬರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಕೊನೆಗೆ ಅಪ್ಪ ಮಕ್ಕಳನ್ನು ಊರಿಗೆ ತಂದು, ಕುಪ್ಪಸದ ಖಣ ನೇಯುತ್ತಿದ್ದ ತನ್ನ ತಾಯಿಯ ಹತ್ತಿರ ಬಿಟ್ಟುಹೋದ. ಮಕ್ಕಳಿಗೆ ಆಕೆ ಆಯಿ.

“ಬಂದ ಮರುದಿನಾನ ಇಲ್ಲೂ ಭೋಂಗಾ ಊದ್ತು ನೋಡು, ಪುರಸಭೆದ್ದು. ನಿಮ್ಮಾಂವ ಓಡಿ ಬಂದು ಕುಣ್ಯಾಗ ಹಾರಿದಾ! ಆಯಿ ನೇಯಾಕ್ಹತ್ತಿದ್ಲು, ಎಳಿ ಪಟಪಟ ಹರದ್ವು.”

“ಸುಳ್ಳ! ಮೊದಲ ಹಾರಿದಾಕಿ ನೀನ!”

“ಇರವಲ್ದ್ಯಾಕ, ಇಬ್ರೂ ಹಾರಿದ್ವಿ. ಬೈತಾಳ ಅಂದ್ರ, ಆಯಿ ಕಾಲ ಸರಿಸಿ ಜಾಗಾ ಮಾಡಿದ್ಲು. ‘ಕೂಡ್ರಿ, ಇಲ್ಲಿ ಊಟದ ಹೊತ್ತಿಗೆ ಊದ್ತಾರ, ಬಾಂಬಿಗಲ್ಲ’ ಅಂದ್ಲು. ಅಪ್ಪ ಅವ್ವ ತಿರುಗಿ ಬರೂ ಮಟಾ ನಾವ್ ಉಂಡದ್ದೂ ಇಲ್ಲೇ, ಮಲಗಿದ್ದೂ ಇಲ್ಲೇ. ಇದನ್ನ ಮುಚ್ಚಿದ್ರ ಆಕಿ ಕಾಲಬುಡಾನ ಮುಚ್ಚಿದಂಗ ಆಗ್ತೈತಿ ನನಗ.”

“ಮೊದಲ ಹೇಳಬಾರದೇನ್ರಿ?”

“ಮಷಿನ್ ಇಡೂ ಆಸೆ ನಿಂದು. ನಾ ಹೆಂಗ ಅಡ್ಡ ಬರ್ಲಿ?”

“ಈಗ ಕೂತದ್ದೇನು, ಉದ್ದಾ?” ಅಂದ ಧರ್ಮರಾಜ.

ಜಯಶ್ರೀ ನೆರಿಗೆ ಎತ್ತಿ ಕುಣಿಗಿಳಿದು ಅತ್ತೆಯ ಪಕ್ಕ ಕೂತಳು. ಎದುರಿನ ಅಂಚಿನ ಮೇಲೆ ಕೈಯಿಟ್ಟು, ಕಾಲಿನಿಂದ ತಳ ತಡವಿ ನೋಡಿದಳು.

“ಮಾಂವಾರ, ಮಷಿನ್ ಈ ಅಂಚಿನ ಮ್ಯಾಲೆ ಇಟ್ರ? ಮೋಟರಿನ ಪೆಡಲ್ ಕೆಳಗ ಕಾಲಿಗೆ ಬರ್ತೈತಿ. ಖುರ್ಚೀನೂ ಬ್ಯಾಡ. ಮುಚ್ಚೂದು ಬಿಟ್ಟು ಸಿಮೆಂಟ್ ಗಿಲಾವ್ ಮಾಡ್ಸ್ರಿ.”

ಮಲೀಕಸಾಬ ಟೇಪು ಬಿಚ್ಚಿದ. “ಒಬ್ಬಾಕಿ ಕೂಡಾಕ ಇಷ್ಟ ಕಟ್ಟಿ ಸಾಕಲ್ರಿ?”

“ಸಾಲಂಗಿಲ್ಲಪಾ. ಮೂರ್ ಮಂದೀಗೆ ಮಾಡು. ಆಕಿ ಹೊಲೀತಾಳ, ನಾ ಗುಂಡಿ ಹಚ್ತೇನಿ.”

“ಮೂರನೇದವ್ರು ಯಾರ್ರಿ?”

ಸುಂದರವ್ವ ತಮ್ಮನತ್ತ ನೋಡಿದಳು. ಅವನು ಗೋಡೆ ಕಡೆ ಮುಖ ತಿರುಗಿಸಿ, “ಅಳತಿ ಬರೋಬ್ಬರಿ ತಗೋರಿ ಸಾಬ್ರ,” ಅಂದ.